ಮೆಡಿಕಲ್ ಸೀಟಿಗೆ ಕಾಯ್ತಾ ಇದ್ದೀರಾ? ಕೈಲಿರೋದನ್ನ ಬಿಡಬೇಡಿ

(ಪಾಡ್‌ಕ್ಯಾಸ್ಟ್ ಸಂಚಿಕೆಯ ಅಕ್ಷರರೂಪ)

ಈ ಸಂಚಿಕೆ ನೀಟ್ ಬರೆದು, ರ್‍ಯಾಂಕ್ ಬಂದು, ಸೀಟು ಮಾತ್ರ ಇನ್ನೂ ಬರದೇ ಇರೋರಿಗೆ. ಇಯರ್‌ಫೋನ್ ಹಾಕ್ಕೊಂಡು ಒಬ್ರೇ ಕೇಳ್ತಾ ಇದ್ರೆ ಪರವಾಗಿಲ್ಲ. ಆದ್ರೆ ಅಪ್ಪ-ಅಮ್ಮ ಪಕ್ಕದಲ್ಲಿದ್ರೆ ಸ್ಪೀಕರ್‌ಗೆ ಹಾಕಿ. ಅವ್ರಿಗೂ ಹೇಳೋದು ಸ್ವಲ್ಪ ಇದೆ.

ನಾನು ಮೈಸೂರಿನ ಕೆಸರೆಯಲ್ಲಿ ಒಂದು ಚಿಕ್ಕ ಆನ್‌ಲೈನ್ ಸೆಂಟರ್ ನಡೆಸ್ತೀನಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷಿನ್, ಅಷ್ಟೇ. 2024ರಲ್ಲಿ ಮುಡಾ ಸೈಟಿನ ಸುದ್ದಿ ಟಿವಿಯಲ್ಲಿ ದಿನವಿಡೀ ಓಡ್ತಿದ್ದಾಗ ಕೆಸರೆ ಅನ್ನೋ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯ್ತು. ಅದೇ ಕೆಸರೆ. ವರ್ಷವಿಡೀ ನಮ್ಮಲ್ಲಿ ಪ್ಯಾನ್ ಕಾರ್ಡು, ಸ್ಕಾಲರ್‌ಶಿಪ್ ಅರ್ಜಿ, ಕರೆಂಟ್ ಬಿಲ್ಲು. ಜೂನ್ ಬಂತು ಅಂದ್ರೆ ಮಾತ್ರ ಅಂಗಡಿಯ ಚಹರೆನೇ ಬದಲಾಗುತ್ತೆ. ರಾಜೇಂದ್ರನಗರ, ನಾಯ್ಡುನಗರ, ಬನ್ನಿಮಂಟಪದ ಕಡೆಯಿಂದೆಲ್ಲ ಮಕ್ಕಳು ಫೈಲ್ ಹಿಡ್ಕೊಂಡು ಬರ್ತಾರೆ. ಆಪ್ಷನ್ ಎಂಟ್ರಿ ಮಾಡ್ಬೇಕು, ಚಾಯ್ಸ್ ಹಾಕ್ಬೇಕು, ಫೀ ಕಟ್ಬೇಕು. ಎಲ್ಲಾ ಫೋನಲ್ಲೇ ಆಗುತ್ತೆ ಅಂತ ಅವ್ರಿಗೂ ಗೊತ್ತು. ಆದ್ರೂ ಬರ್ತಾರೆ. ಒಂದು ಬಟನ್ ಒತ್ತೋಕೆ ಮುಂಚೆ ಯಾರಾದ್ರೂ ಪಕ್ಕದಲ್ಲಿ ಇರ್ಲಿ ಅಂತ.

ಬಂದವರಲ್ಲಿ ತುಂಬಾ ಜನ ಕೇಳೋದು ಒಂದೇ ಪ್ರಶ್ನೆ. "ಅಕ್ಕ, ವೇಟಿಂಗ್ ಲಿಸ್ಟಲ್ಲಿ ನನ್ನ ನಂಬರ್ ಎಷ್ಟು?"

ಉತ್ತರ ಸುಲಭ. ಅಂಥಾ ನಂಬರ್ರೇ ಇಲ್ಲ. ಅಮೆರಿಕದಲ್ಲಿ ಒಂದೊಂದು ಮೆಡಿಕಲ್ ಕಾಲೇಜೂ ತನ್ನದೇ ವೇಟಿಂಗ್ ಲಿಸ್ಟ್ ಇಟ್ಕೊಂಡಿರುತ್ತೆ, ಕಾಯುವವರು ಆ ಕಾಲೇಜಿಗೇ ಪತ್ರ ಬರೀಬಹುದು. ರೈಲಿನಲ್ಲಿ ನಮ್ಗೂ ಡಬ್ಲ್ಯುಎಲ್ 14 ಅಂತ ಕಾಣುತ್ತೆ. ನಮ್ಮ ಮೆಡಿಕಲ್ ಸೀಟಿನಲ್ಲಿ ಹಾಗಿಲ್ಲ. ಕಾಲೇಜಿಗೆ ಫೋನ್ ಮಾಡಿ, ಪ್ರಿನ್ಸಿಪಾಲರನ್ನ ನೋಡಿ ಏನೂ ಆಗಲ್ಲ. ಇರೋದು ಸುತ್ತುಗಳು. ಮೊದಲ ಸುತ್ತು, ಎರಡನೇ ಸುತ್ತು, ಹಿಂದೆ ಮಾಪ್‌ ಅಪ್ ಅಂತಿದ್ರಲ್ಲ ಆ ಮೂರನೇ ಸುತ್ತು, ಕೊನೆಗೆ ಸ್ಟ್ರೇ ವೇಕೆನ್ಸಿ. ಒಂದೊಂದು ಸುತ್ತಲ್ಲೂ ಖಾಲಿಯಾದ ಸೀಟನ್ನ ರ್‍ಯಾಂಕ್ ಪ್ರಕಾರ ಮತ್ತೆ ಹಂಚ್ತಾರೆ. ಹಾಗಾಗಿ ಕಾಯೋದು ಅಂದ್ರೆ ಇಲ್ಲಿ ಸುಮ್ನೆ ಕೂರೋದಲ್ಲ. ಪ್ರತಿ ಸುತ್ತಿಗೂ ನೀವು ಒಂದು ತೀರ್ಮಾನ ತಗೋಬೇಕು, ಅದಕ್ಕೆ ಕೊಡೋದು ಎರಡು-ಮೂರು ದಿನ. ಇವತ್ತು ಮಾತಾಡೋದು ಆ ತೀರ್ಮಾನದ ಬಗ್ಗೆ.

ಮೊದಲು ಲೆಕ್ಕ ನೋಡಿಬಿಡೋಣ. 2025ರ ಮೇ 4ಕ್ಕೆ ನಡೆದ ನೀಟ್ ಬರೆದವರು ಸುಮಾರು 22 ಲಕ್ಷ. ಅರ್ಹತೆ ಪಡೆದವರು 12 ಲಕ್ಷ ಚಿಲ್ಲರೆ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಹೆಚ್ಚೂಕಮ್ಮಿ 1.2 ಲಕ್ಷ. ಅಂದ್ರೆ ಪಾಸಾದ ಹತ್ತು ಜನರಲ್ಲಿ ಒಬ್ರಿಗೆ ಸೀಟು. ಮನೇಲಿ "ನೀಟ್ ಪಾಸಾಗಿದ್ಯಲ್ಲ, ಇನ್ನೇನು ಸೀಟು ಬಂತು" ಅಂತಾರಲ್ಲ, ಅವ್ರಿಗೆ ಈ ಲೆಕ್ಕ ತೋರ್ಸಿ. ಸೀಟು ಬರದಿರೋದು ಓದದೇ ಇದ್ದಿದ್ದಕ್ಕೆ ಅಂತ ಅವ್ರು ತಿಳ್ಕೋಬಾರ್ದು.

ಇನ್ನೊಂದು. ಅಕ್ಕನ ಮಗ 2024ರಲ್ಲಿ ಇಷ್ಟು ಮಾರ್ಕ್ಸ್‌ಗೆ ಸೀಟು ತಗೊಂಡ, ನಿಂಗ್ಯಾಕೆ ಬರ್ಲಿಲ್ಲ ಅನ್ನೋ ಹೋಲಿಕೆ ಬೇಡ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ರು. 2025ರಲ್ಲಿ ದೇಶಕ್ಕೇ ಅತಿ ಹೆಚ್ಚು ಅಂಕ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 2024ರಲ್ಲಿ ಕೊನೆಗೆ 162 ಇತ್ತು, 2025ರಲ್ಲಿ 144. ಮಾರ್ಕ್ಸ್ ವರ್ಷದಿಂದ ವರ್ಷಕ್ಕೆ ಹೀಗೆ ಕುಣಿಯುತ್ತೆ. ಹೋಲಿಸೋದಾದ್ರೆ ರ್‍ಯಾಂಕ್ ಹೋಲಿಸಿ. ನಿಮ್ಮದೇ ಕೆಟಗರಿ, ಹಿಂದಿನ ವರ್ಷದ ಅದೇ ಸುತ್ತು. ಮೊದಲ ಸುತ್ತಿನ ಕಟ್‌ ಆಫ್ ನೋಡಿ ಅಳೋದೂ ಬೇಡ, ಕೊನೆ ಸುತ್ತಿನ ಕಟ್‌ ಆಫ್ ನೋಡಿ ಹಾರಾಡೋದೂ ಬೇಡ.

ಸೀಟು ಹಂಚೋದು ಇಬ್ರು. ಸರ್ಕಾರಿ ಕಾಲೇಜುಗಳ ಶೇಕಡಾ 15ರಷ್ಟು ಸೀಟು ಅಖಿಲ ಭಾರತ ಕೋಟಾ. ಅದನ್ನ ಹಂಚೋದು ದಿಲ್ಲಿಯ ಎಂಸಿಸಿ. ಏಮ್ಸ್, ಜಿಪ್ಮರ್ ಕೂಡ ಅವ್ರದ್ದೇ. ನಮ್ಮ ಜೆಎಸ್ಎಸ್ ಥರದ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟೂ ಅಲ್ಲೇ. ಸರ್ಕಾರಿ ಕಾಲೇಜಿನ ಉಳಿದ ಶೇಕಡಾ 85, ಜೊತೆಗೆ ರಾಜ್ಯದ ಖಾಸಗಿ ಕಾಲೇಜುಗಳ ಸೀಟು, ಇದನ್ನ ಹಂಚೋದು ಬೆಂಗಳೂರಿನ ಮಲ್ಲೇಶ್ವರದಲ್ಲಿರೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾವೆಲ್ಲ ಕೆಇಎ ಅನ್ನೋದು. ಎರಡೂ ಕಡೆ ಬೇರೆ ಬೇರೆ ನೋಂದಣಿ ಮಾಡ್ಬೇಕು. ಎರಡೂ ಕಡೆ ಸುತ್ತುಗಳು ಒಂದರ ಹಿಂದೆ ಒಂದು ನಡೀತವೆ. ಈ ಎರಡರ ನಡುವೆನೇ ನಿಮ್ಮ ಸೀಟಿನ ಗುಟ್ಟು ಇರೋದು.

ಹೇಗೆ ಅಂತ ಒಂದು ಉದಾಹರಣೆ ಕೊಡ್ತೀನಿ. ಮೈಸೂರು ಮೆಡಿಕಲ್ ಕಾಲೇಜು ಗೊತ್ತಲ್ಲ, ಕೆ.ಆರ್. ಆಸ್ಪತ್ರೆ ಇರೋದು. 1924ರಲ್ಲಿ ಬೆಂಗಳೂರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಹಳೇ ಕಾಲೇಜು. ಅಲ್ಲಿ ಮೊದಲ ಸುತ್ತಲ್ಲಿ ಒಬ್ಬನಿಗೆ ಸೀಟು ಸಿಕ್ತು ಅಂತಿಟ್ಕೊಳ್ಳಿ. ಅವನಿಗೇ ಎಂಸಿಸಿಯಲ್ಲಿ ಯಾವ್ದೋ ಏಮ್ಸ್ ಸಿಕ್ತು, ಹೊರಟುಹೋದ. ಮೈಸೂರಲ್ಲಿ ಒಂದು ಸೀಟು ಖಾಲಿ. ಎರಡನೇ ಸುತ್ತಲ್ಲಿ ಮಂಡ್ಯದಲ್ಲಿದ್ದವಳು ಮೈಸೂರಿಗೆ ಬರ್ತಾಳೆ. ಮಂಡ್ಯದ ಖಾಲಿ ಜಾಗಕ್ಕೆ ಚಾಮರಾಜನಗರದಲ್ಲಿದ್ದವನು ಹೋಗ್ತಾನೆ. ಚಾಮರಾಜನಗರಕ್ಕೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಇದ್ದವಳು ಬರ್ತಾಳೆ. ಆ ಸರ್ಕಾರಿ ಕೋಟಾ ಸೀಟು, ಇದುವರೆಗೆ ಏನೂ ಸಿಗದೇ ಕೆಸರೆಯ ಮನೇಲಿ ಕೂತಿರೋ ನಿಮಗೆ. ಮೇಲೆ ಒಬ್ಬ ಕದಲಿದ್ರೆ ಕೆಳಗೆ ನಾಲ್ಕು ಜನ ಕದಲ್ತಾರೆ.

ಅದಕ್ಕೇ ಒಂದು ಸುತ್ತಿನಲ್ಲಿ ಸೀಟು ಬರ್ಲಿಲ್ಲ ಅಂದ ತಕ್ಷಣ ಮುಗೀತು ಅಂತ ಅಲ್ಲ. ಹಾಗಂತ ಎಲ್ರಿಗೂ ಕೊನೆಗೆ ಬಂದೇ ಬರುತ್ತೆ ಅಂತಲೂ ಅಲ್ಲ. ಕಟ್‌ ಆಫ್‌ಗೆ ಹತ್ತಿರ ಇರೋರಿಗೆ ಈ ಕದಲಿಕೆಯಿಂದ ಲಾಭ ಆಗುತ್ತೆ. ದೂರ ಇರೋರಿಗೆ ಆಗಲ್ಲ. ನೀವು ಹತ್ತಿರವೋ ದೂರವೋ ಅನ್ನೋದನ್ನ ಹಿಂದಿನ ವರ್ಷಗಳ ರ್‍ಯಾಂಕ್ ಪಟ್ಟಿ ಇಟ್ಕೊಂಡು ಪ್ರಾಮಾಣಿಕವಾಗಿ ನೋಡಿ. ನೋಡೋಕೆ ಅರ್ಧ ಗಂಟೆ ಸಾಕು. ಮನೇಲಿ ಆ ಅರ್ಧ ಗಂಟೆ ಯಾರೂ ಕೊಡಲ್ಲ, ಮೂರು ತಿಂಗಳು ಚಿಂತೆ ಮಾಡ್ತಾರೆ.

ಈ ಸರಪಳಿ ನಿಮ್ಮ ಹತ್ರ ಬಂದಾಗ ನಿಲ್ಲೋದು, ನೀವು ಆ ಕಾಲೇಜನ್ನ ಆಪ್ಷನ್ ಪಟ್ಟಿಗೆ ಹಾಕಿದ್ರೆ ಮಾತ್ರ. ಹಾಕದೇ ಇರೋ ಕಾಲೇಜು ಎಂದೂ ಬರಲ್ಲ. ಕಂಪ್ಯೂಟರ್ ನಿಮ್ಮ ರ್‍ಯಾಂಕ್ ಸರದಿ ಬಂದಾಗ ಪಟ್ಟಿಯ ಮೇಲಿಂದ ಕೆಳಕ್ಕೆ ನೋಡ್ಕೊಂಡು ಬರುತ್ತೆ, ಮೊದಲು ಖಾಲಿ ಇರೋದನ್ನ ಕೊಡುತ್ತೆ. ದೊಡ್ಡ ಕಾಲೇಜನ್ನ ಮೇಲೆ ಹಾಕಿದ್ರೆ ಚಿಕ್ಕದು ಕೈ ತಪ್ಪುತ್ತೆ ಅನ್ನೋ ಭಯ ಸುಳ್ಳು. ಹೋಗೋ ಆಸೆ ಯಾವುದಕ್ಕೆ ಜಾಸ್ತಿ ಇದೆಯೋ ಅದನ್ನ ಮೇಲೆ ಹಾಕಿ. ಮುಂದಿನ ಸುತ್ತಲ್ಲಿ ಹೊಸ ಕಾಲೇಜು ಸೇರಿಸೋಕೆ ಕೆಇಎ ಬಿಡುತ್ತೆ ಅಂತ ನಂಬಿ ಕೂರಬೇಡಿ, ಮೊದಲ ಸಲವೇ ಪೂರ್ತಿ ಪಟ್ಟಿ ಹಾಕಿ. ಅಣಕು ಸೀಟು ಹಂಚಿಕೆ ಬಂದಾಗ ಅದನ್ನ ಸ್ಟೇಟಸ್‌ಗೆ ಹಾಕ್ಬೇಡಿ, ಅದು ನಿಜವಾದ ಹಂಚಿಕೆ ಅಲ್ಲ. ಪಟ್ಟಿ ತಿದ್ದಿಕೊಳ್ಳೋಕೆ ಕೊಡೋ ಅವಕಾಶ.

ಪಟ್ಟಿ ಉದ್ದ ಇರ್ಲಿ ಅಂದೆ, ಆದ್ರೆ ಹೋಗೋಕೇ ಆಗದ ಕಾಲೇಜು ಬೇಡ. ನಮ್ಮ ಏರಿಯಾದ ಒಬ್ಬ ಹುಡುಗ ರಾಯಚೂರನ್ನ ಪಟ್ಟಿಗೆ ಹಾಕಿದ್ದ. ಅವನ ಅಜ್ಜಿ ಅಂಗಡಿಗೇ ಬಂದು, "ಅಷ್ಟು ದೂರ, ಆ ಬಿಸಿಲಲ್ಲಿ, ಮಗು ಏನ್ ತಿಂತದೆ ಕಣವ್ವ" ಅಂತ ಕೇಳಿದ್ರು. ಆ ಹುಡುಗ ಮೊದ್ಲೇ ಎಲ್ಲಾ ನೋಡ್ಕೊಂಡಿದ್ದ. ಮೈಸೂರಿಂದ ಬಸವ ಎಕ್ಸ್‌ಪ್ರೆಸ್ ಹತ್ತಿದ್ರೆ ನೇರ ರಾಯಚೂರು, ಹಾಸ್ಟೆಲ್ ಇದೆ, ಫೀ ಸರ್ಕಾರಿ. "ಅಜ್ಜಿ, ಜ್ವರಕ್ಕೆ ಕೊಡೋ ಮಾತ್ರೆ ಅಲ್ಲೂ ಒಂದೇ, ಇಲ್ಲೂ ಒಂದೇ" ಅಂದ. ಎರಡನೇ ಸುತ್ತಲ್ಲಿ ಅದೇ ರಾಯಚೂರು ಬಂತು. ವರದಿ ಮಾಡ್ಕೊಳ್ಳೋಕೆ ದಿನ ಕಮ್ಮಿ ಇತ್ತು, ಅವನು ಗಾಬರಿ ಆಗ್ಲಿಲ್ಲ. ಬೇಡ ಅನ್ನೋ ಹಾಗಿದ್ರೆ ಪಟ್ಟಿ ಹಾಕೋವಾಗ್ಲೇ ಬೇಡ ಅನ್ನಿ. ಸೀಟು ಬಂದ ಮೇಲೆ ಅಜ್ಜಿ ಹತ್ರ ಚರ್ಚೆ ಶುರು ಮಾಡಿದ್ರೆ ದಿನ ಮುಗಿದುಹೋಗುತ್ತೆ.

ಈಗ ಮುಖ್ಯ ವಿಷಯ. ಕೆಇಎಯಲ್ಲಿ ಸೀಟು ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್ ಕೊಡ್ತಾರೆ. ಇದನ್ನ ಬಾಯಿಪಾಠ ಮಾಡ್ಕೊಳ್ಳಿ.

ಚಾಯ್ಸ್ ಒಂದು: ಈ ಸೀಟು ನಂಗೆ ಸಾಕು, ಫೀ ಕಟ್ಟಿ ಸೇರ್ತೀನಿ, ಮುಂದಿನ ಸುತ್ತು ಬೇಡ.

ಚಾಯ್ಸ್ ಎರಡು: ಈ ಸೀಟು ಇರ್ಲಿ, ಆದ್ರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಹಾಕಿರೋದು ಮುಂದಿನ ಸುತ್ತಲ್ಲಿ ಸಿಕ್ಕಿದ್ರೆ ಅದು ಕೊಡಿ. ಮೇಲಿನದು ಸಿಕ್ಕಿದ್ರೆ ಹಳೇದು ತಾನಾಗೇ ರದ್ದು. ಸಿಗದಿದ್ರೆ ಹಳೇದು ನಿಮ್ಮದೇ.

ಚಾಯ್ಸ್ ಮೂರು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. ಇಲ್ಲಿ ಕೈಲಿರೋದು ಹೋಯ್ತು.

ಚಾಯ್ಸ್ ನಾಲ್ಕು: ಏನೂ ಬೇಡ, ನಾನು ಹೊರಗೆ.

ಎರಡು ಮತ್ತು ಮೂರರ ನಡುವೆ ಕಣ್ಣಿಗೆ ಕಾಣೋದು ಒಂದು ಅಂಕಿಯ ವ್ಯತ್ಯಾಸ. ಆದ್ರೆ ಒಂದರಲ್ಲಿ ಛತ್ರಿ ಹಿಡ್ಕೊಂಡು ಬಸ್ಸಿಗೆ ಕಾಯ್ತೀರಿ, ಇನ್ನೊಂದ್ರಲ್ಲಿ ಛತ್ರಿ ಎಸೆದು ಕಾಯ್ತೀರಿ. ಬಸ್ಸು ಬರೋ ಹೊತ್ತು ಮಾತ್ರ ಎರಡರಲ್ಲೂ ಒಂದೇ.

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಬೀದಿಯ ಒಬ್ಬ ಹುಡುಗಿ ಬಂದ್ಲು. ಹೆಸರು ಬೇಡ. ಅಪ್ಪ ಆಟೋ ಓಡಿಸ್ತಾರೆ, ಅಮ್ಮ ಮನೇಲಿ ಊದುಬತ್ತಿ ಹೊಸೀತಾರೆ. ಮೊದಲ ಸುತ್ತಲ್ಲಿ ಅವಳಿಗೆ ಬಂದಿದ್ದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಬಿಡಿಎಸ್. ಹಲ್ಲಿನ ಡಾಕ್ಟರ್. ಬೇಕಿದ್ದಿದ್ದು ಎಂಬಿಬಿಎಸ್. ಜೊತೆಯಲ್ಲಿ ಓದಿದವರ ವಾಟ್ಸ್ಆ್ಯಪ್ ಗ್ರೂಪಲ್ಲಿ ಎಲ್ರೂ "ಚಾಯ್ಸ್ ಮೂರು ಹಾಕು, ನಿನ್ನ ರ್‍ಯಾಂಕ್‌ಗೆ ಬಂದೇ ಬರುತ್ತೆ" ಅಂತಿದ್ರು. ಚಿಕ್ಕಪ್ಪ, "ಅದೂ ಡಾಕ್ಟರ್ರೇ ಅಲ್ವೇನಮ್ಮ, ಒಂದು ಹಾಕಿ ಸೇರ್ಕೋ" ಅಂದ್ರು. ಅವರಪ್ಪ ಮಾತ್ರ ಸುಮಾರು ಹೊತ್ತು ಸುಮ್ನೆ ಕೂತಿದ್ದು ನನ್ನ ಕೇಳಿದ್ರು:

"ತಾಯಿ, ಯಾವ್ದು ಹಾಕಿದ್ರೆ ಇದು ಕೈ ತಪ್ಪಲ್ಲ, ಅದೂ ಬಾಗ್ಲು ಮುಚ್ಚಲ್ಲ?"

"ಎರಡು ಅಣ್ಣ. ಆದ್ರೆ ಈಗ ಫೀ ಕಟ್ಬೇಕು."

"ಕಟ್ಟಿದ್ ಮೇಲೆ ದೊಡ್ಡದು ಬಂದ್ರೆ ಈ ದುಡ್ಡು?"

"ಹೊಸ ಸೀಟಿನ ಫೀಗೆ ಹೊಂದಿಸ್ಕೋತಾರೆ."

ಅವ್ರು ಮಗಳ ಕಡೆ ತಿರುಗಿದ್ರು. "ನೋಡು ಕಂದ, ಸರ್ಕಾರಿ ಕೋಟಾ ಯಾವ್ದಾದ್ರೂ ನನ್ ಕೈಲಾಗುತ್ತೆ. ಪ್ರೈವೇಟ್ ಕೋಟಾ ಅಂದ್ರೆ ಮನೆ ಮಾರ್ಬೇಕು. ಮಾರಲ್ಲ. ಇದು ಇವತ್ತೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡ."

ಆ ಹುಡುಗಿಗೆ ಕಣ್ಣು ತುಂಬ್ತು. ಆದ್ರೂ ತಲೆ ಆಡಿಸಿದ್ಲು. ನಂಗೆ ಆವತ್ತು ಅನ್ನಿಸಿದ್ದು, ಅಪ್ಪ ಆ ಮಾತನ್ನ ಅಂದೇ ಹೇಳಿದ್ದು ಎಷ್ಟು ಒಳ್ಳೇದಾಯ್ತು ಅಂತ. ಎಷ್ಟೋ ಮನೇಲಿ ಮಗುಗೆ ಬೇಜಾರಾಗುತ್ತೆ ಅಂತ ದುಡ್ಡಿನ ಮಾತೇ ಎತ್ತಲ್ಲ. ಮಗು ಏನೇನೋ ಆಸೆ ಇಟ್ಕೊಂಡು ಕಾಯುತ್ತೆ. ಕೊನೆ ಸುತ್ತಲ್ಲಿ ಆಗಲ್ಲ ಅನ್ನೋದು ಗೊತ್ತಾದಾಗ ಆಗೋ ನೋವು ಇದಕ್ಕಿಂತ ದೊಡ್ಡದು.

ದುಡ್ಡಿನ ಅಂದಾಜೂ ಹೇಳ್ತೀನಿ. ಈಚಿನ ವರ್ಷಗಳಲ್ಲಿ ರಾಜ್ಯದ ಸರ್ಕಾರಿ ಕಾಲೇಜಲ್ಲಿ ಎಂಬಿಬಿಎಸ್ ಫೀ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಪ್ರೈವೇಟ್ ಕೋಟಾದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ. ಒಂದೇ ಕಾಲೇಜು, ಒಂದೇ ಬೆಂಚು, ಕೋಟಾ ಬೇರೆ. ಆಪ್ಷನ್ ಹಾಕೋವಾಗ ಕಾಲೇಜಿನ ಹೆಸರು ಮಾತ್ರ ನೋಡ್ಬೇಡಿ, ಪಕ್ಕದಲ್ಲಿರೋ ಫೀ ನೋಡಿ. ಸಾಲ ಬೇಕಿದ್ರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಇವುಗಳಲ್ಲಿ ಅರಿವು ಅನ್ನೋ ಶೈಕ್ಷಣಿಕ ಸಾಲದ ಯೋಜನೆ ಇದೆ. ಬ್ಯಾಂಕಿನಲ್ಲೂ ಕೇಳಬಹುದು. ಆದ್ರೆ ಸೀಟು ಬಂದ ದಿನ ಹೋಗಿ ಕೇಳೋದಲ್ಲ, ಕಾಯೋ ಈ ದಿನಗಳಲ್ಲೇ ಹೋಗಿ ಏನೇನು ಕಾಗದ ಬೇಕು ಅಂತ ಕೇಳ್ಕೊಂಡು ಬನ್ನಿ.

ಆ ಹುಡುಗಿ ಚಾಯ್ಸ್ ಎರಡು ಹಾಕಿದ್ಲು. ಎರಡನೇ ಸುತ್ತು ಬಂತು, ಸೀಟು ಬದಲಾಗ್ಲಿಲ್ಲ. ಅವಳ ರ್‍ಯಾಂಕಿಗಿಂತ ಸ್ವಲ್ಪ ಮೇಲೆ ಎಂಬಿಬಿಎಸ್ ನಿಂತುಹೋಯ್ತು. ಬಿಡಿಎಸ್ ಸೇರಿದ್ಲು. ಈಗ ಓದು ಮುಗಿಯೋ ಹಂತದಲ್ಲಿದ್ದಾಳೆ. ನನ್ನ ದವಡೆ ಹಲ್ಲಿನ ಫಿಲ್ಲಿಂಗ್ ಅವಳೇ ಮಾಡಿದ್ದು. ಬೇಜಾರಿದ್ಯೇನೇ ಅಂತ ಕೇಳಿದೆ. "ಆಸೆ ಪೂರ್ತಿ ಹೋಗಿಲ್ಲ ಅಕ್ಕ. ಆದ್ರೆ ಆ ವರ್ಷ ನಾನು ಖಾಲಿ ಕೈಲಿ ಕೂರ್ಲಿಲ್ಲ" ಅಂದ್ಲು. ಎಂಬಿಬಿಎಸ್ ಬಂದಿದ್ರೆ ಕತೆ ಇನ್ನೂ ಚೆನ್ನಾಗಿರ್ತಿತ್ತು, ನಿಜ. ಆದ್ರೆ ಎರಡನೇ ಸುತ್ತು ಏನಾಗುತ್ತೆ ಅಂತ ಆವತ್ತು ಯಾರಿಗೂ ಗೊತ್ತಿರ್ಲಿಲ್ಲ. ಏನೇ ಆದ್ರೂ ನಿಲ್ಲೋಕೆ ನೆಲ ಇರೋ ಹಾಗೆ ಅಪ್ಪ-ಮಗಳು ನೋಡ್ಕೊಂಡ್ರು.

ಹಾಗಾದ್ರೆ ಚಾಯ್ಸ್ ಮೂರು ಯಾವಾಗ್ಲೂ ತಪ್ಪಾ? ಇಲ್ಲ. ಬಂದಿರೋ ಸೀಟಿಗೆ ಯಾವ ಕಾರಣಕ್ಕೂ ಸೇರೋದೇ ಇಲ್ಲ ಅಂತ ನಿಮಗೆ ಖಾತ್ರಿ ಇದ್ರೆ, ಆ ಫೀ ಕಟ್ಟೋ ಶಕ್ತಿಯೇ ಇಲ್ಲದಿದ್ರೆ, ಮೂರು ಸರಿ. ಆ ಸೀಟು ಬೇಕಾದವರಿಗೆ ಹೋಗುತ್ತೆ. ಆದ್ರೆ "ಬಂದೇ ಬರುತ್ತೆ" ಅನ್ನೋ ಗ್ರೂಪಿನ ಮಾತಿಗೆ ಮೂರು ಹಾಕ್ಬೇಡಿ. ಗ್ರೂಪಲ್ಲಿ ಹಾಗಂದವರು ನಿಮ್ಮ ಫೀನೂ ಕಟ್ಟಲ್ಲ, ನಿಮ್ಮ ವರ್ಷನೂ ವಾಪಸ್ ಕೊಡಲ್ಲ.

ಇನ್ನೊಂದು ಎಚ್ಚರಿಕೆ. ಸುತ್ತು ಮುಂದೆ ಹೋದಂಗೆ ಬಿಟ್ಟು ಹೋಗೋ ದಾರಿ ಕಿರಿದಾಗುತ್ತೆ. ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟು ಬೇಡ ಅಂದ್ರೆ ನಷ್ಟ ಇಲ್ಲ. ಎರಡನೇ ಸುತ್ತಲ್ಲಿ ಬಂದ ಸೀಟಿಗೆ ಸೇರದಿದ್ರೆ ಠೇವಣಿ ಹೋಗುತ್ತೆ. ಅಖಿಲ ಭಾರತ ಕೋಟಾಗೆ ಅದು ಸಾಮಾನ್ಯ ವರ್ಗಕ್ಕೆ 10 ಸಾವಿರ, ಮೀಸಲಾತಿ ಇರೋರಿಗೆ 5 ಸಾವಿರ. ಡೀಮ್ಡ್‌ಗೆ 2 ಲಕ್ಷ. ಕೊನೆಯ ಸ್ಟ್ರೇ ಸುತ್ತಲ್ಲಿ ಸೀಟು ಬಂದು ಸೇರದಿದ್ರೆ ಠೇವಣಿ ಜೊತೆಗೆ ಮುಂದಿನ ವರ್ಷದ ನೀಟ್ ಬರೆಯೋ ಅವಕಾಶವೂ ಹೋಗುತ್ತೆ. "ಸುಮ್ನೆ ಹಾಕಿ ನೋಡೋಣ" ಅನ್ನೋದು ಮೊದಲ ಸುತ್ತಿಗೆ ಸರಿ, ಕೊನೆ ಸುತ್ತಿಗಲ್ಲ. ನಿಯಮಗಳು ವರ್ಷ ವರ್ಷ ಸ್ವಲ್ಪ ಬದಲಾಗ್ತವೆ. ಯೂಟ್ಯೂಬ್ ಅಣ್ಣ ಏನಂದ ಅನ್ನೋದಕ್ಕಿಂತ ಆ ವರ್ಷದ ಅಧಿಕೃತ ಸೂಚನೆ ಏನನ್ನುತ್ತೆ ಅಂತ ಓದಿ. ಇಂಗ್ಲಿಷ್ ಕಷ್ಟ ಆದ್ರೆ ಯಾರ ಹತ್ರನಾದ್ರೂ ಕೂತು ಓದಿಸ್ಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಕಾಯೋ ದಿನಗಳಲ್ಲಿ ಕೈಗೆ ಕೆಲಸ ಇರ್ಲಿ. ಮೊದಲ ಕೆಲಸ ಫೈಲು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆರ್‌ಡಿ ನಂಬರ್ ಇರೋ ಜಾತಿ-ಆದಾಯ ಪ್ರಮಾಣಪತ್ರ, ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ರೆ, ಹಳ್ಳಿ ಶಾಲೇಲಿ ಓದಿದ್ರೆ, ಅದರ ಪ್ರಮಾಣಪತ್ರ. ಬಿಇಒ ಸಹಿ ಆಗಿದೆಯಾ ನೋಡಿ. ರಾಜ್ಯದ ಹಂಚಿಕೆಯಲ್ಲಿ ಗ್ರಾಮೀಣರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಒಂದು ಸಹಿಗಾಗಿ ಅದನ್ನ ಕಳ್ಕೋಬಾರ್ದು.

ಎರಡನೇದು ಫೋನು. ನೋಂದಣಿಗೆ ಯಾರ ನಂಬರ್ ಕೊಟ್ಟಿದ್ದೀರೋ ಆ ಫೋನ್ ನಿಮ್ಮ ಹತ್ರ ಇರ್ಬೇಕು. ಎಷ್ಟೋ ಮಕ್ಕಳು ಅಪ್ಪನ ನಂಬರ್ ಕೊಟ್ಟಿರ್ತಾರೆ. ಅಪ್ಪ ಡ್ಯೂಟಿಲಿ ಇರ್ತಾರೆ, ಓಟಿಪಿ ಅಲ್ಲಿಗೆ ಹೋಗುತ್ತೆ, ಮಗು ಇಲ್ಲಿ ಒದ್ದಾಡುತ್ತೆ. ರೀಚಾರ್ಜ್ ಮುಗಿದು ಮೆಸೇಜ್ ಬರದೇ ಇರೋದೂ ಉಂಟು. ನವೆಂಬರ್‌ವರೆಗೆ ಆ ಸಿಮ್ ಜೀವಂತ ಇರ್ಲಿ. ಫೀ ಯುಪಿಐಯಲ್ಲಿ ಕಟ್ಟೋದಾದ್ರೆ ದಿನದ ಮಿತಿ ಎಷ್ಟು ಅಂತ ಬ್ಯಾಂಕಲ್ಲಿ ಕೇಳಿಟ್ಕೊಳ್ಳಿ. ಕೊನೆ ದಿನ ಕೊನೆ ಗಂಟೇಲಿ ಸರ್ವರ್ ಮೇಲೆ ಭಾರ ಹಾಕ್ಬೇಡಿ, ಎಲ್ರೂ ಅದೇ ಗಂಟೇಲಿ ಬಂದಿರ್ತಾರೆ.

ಮೂರನೇದು, ಏಜೆಂಟರ ಫೋನು. ಕಾಯೋರ ಮನೆಗೆ ಅದು ಬಂದೇ ಬರುತ್ತೆ. ನಿಮ್ಮ ರ್‍ಯಾಂಕ್, ಅಪ್ಪನ ಹೆಸರು ಎಲ್ಲಾ ಹೇಳ್ತಾರೆ, ಅದಕ್ಕೇ ನಂಬಿಕೆ ಬರುತ್ತೆ. "ಮ್ಯಾನೇಜ್‌ಮೆಂಟ್ ಸೀಟು ಒಂದೇ ಉಳಿದಿದೆ, ಇವತ್ತು ಸಂಜೆ ಒಳಗೆ ಅಡ್ವಾನ್ಸ್ ಹಾಕಿ." ಒಂದು ಮಾತು ನೆನಪಿಡಿ. ಮ್ಯಾನೇಜ್‌ಮೆಂಟ್ ಇರ್ಲಿ, ಎನ್ಆರ್‌ಐ ಇರ್ಲಿ, ಎಂಬಿಬಿಎಸ್ ಸೀಟು ಬರಬೇಕಾದ್ದು ನೀಟ್ ರ್‍ಯಾಂಕ್ ಇಟ್ಕೊಂಡು, ಕೌನ್ಸೆಲಿಂಗ್ ಮೂಲಕ. ಫೀ ಹೋಗಬೇಕಾದ್ದು ಪ್ರಾಧಿಕಾರಕ್ಕೆ ಅಥವಾ ಕಾಲೇಜಿಗೆ, ಯಾರದೋ ಸ್ವಂತ ಖಾತೆಗಲ್ಲ. ನಮ್ಮ ಆಟೋ ಅಣ್ಣನಿಗೂ ಅಂಥಾ ಫೋನ್ ಬಂದಿತ್ತು. "ನಮ್ ಮನೇಲಿ ಲೆಕ್ಕ ಆಗೋಗಿದೆ ಸ್ವಾಮಿ" ಅಂತ ಹೇಳಿ ಇಟ್ಬಿಟ್ರು. ಮಿತಿ ಮೊದಲೇ ಮಾತಾಡ್ಕೊಂಡ ಮನೆಗೆ ಮೋಸ ಮಾಡೋದು ಕಷ್ಟ.

ಕೊನೆ ಸುತ್ತೂ ಮುಗೀತು, ಸೀಟು ಬರ್ಲಿಲ್ಲ ಅಂದ್ರೆ? ಇನ್ನೊಂದು ವರ್ಷ ಓದ್ತೀನಿ ಅನ್ನೋರು ಒಂದು ಪ್ರಶ್ನೆ ಕೇಳ್ಕೊಳ್ಳಿ: ರ್‍ಯಾಂಕ್ ಎಷ್ಟು ಮೇಲೆ ಬರಬೇಕು, ಅದಕ್ಕೆ ಯಾವ ವಿಷಯದಲ್ಲಿ ಎಷ್ಟು ಅಂಕ ಬೇಕು? 720ರಲ್ಲಿ ಜೀವಶಾಸ್ತ್ರವೇ 360. ಅಲ್ಲಿ ಜಾಗ ಇದ್ರೆ ಒಂದು ವರ್ಷಕ್ಕೆ ಅರ್ಥ ಇದೆ. ಮತ್ತೆ, ಮೈಸೂರಲ್ಲೇ ಕಣ್ಮುಂದೆ ಇರೋದನ್ನ ನೋಡಿ. 1908ರಲ್ಲಿ ಶುರುವಾದ ಸರ್ಕಾರಿ ಆಯುರ್ವೇದ ಕಾಲೇಜು ಇಲ್ಲೇ ಇದೆ, ಅದಕ್ಕೂ ಇದೇ ನೀಟ್ ರ್‍ಯಾಂಕ್. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಮಾತು ಬಾರದ, ಕಿವಿ ಕೇಳದ ಮಕ್ಕಳಿಗಾಗಿ ಕೆಲಸ ಮಾಡೋದನ್ನ ಕಲಿಸೋ ಜಾಗ. ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಪಶುವೈದ್ಯಕೀಯ, ಲ್ಯಾಬ್ ಟೆಕ್ನಾಲಜಿ ಇವೆ. ಇವುಗಳ ಅರ್ಜಿಯ ದಿನಾಂಕ ನೀವು ಎಂಬಿಬಿಎಸ್‌ಗೆ ಕಾಯ್ತಾ ಇರೋವಾಗ್ಲೇ ಬಂದು ಹೋಗುತ್ತೆ. ಅರ್ಜಿ ಹಾಕಿಟ್ಟಿರಿ. ಅರ್ಜಿ ಹಾಕಿದ ಮಾತ್ರಕ್ಕೆ ಆಸೆ ಬಿಟ್ಟಂಗಲ್ಲ.

ಇನ್ನು ಮನಸ್ಸಿನ ಮಾತು. 2024ರಲ್ಲಿ ನೋಡಿದ್ರಿ. ಜೂನ್ 4ಕ್ಕೆ ಫಲಿತಾಂಶ ಬಂತು, ಕೃಪಾಂಕದ ಗಲಾಟೆ, ಪ್ರಶ್ನೆಪತ್ರಿಕೆ ಸೋರಿಕೆ, ಸುಪ್ರೀಂ ಕೋರ್ಟ್. ಪರೀಕ್ಷೆ ರದ್ದಿಲ್ಲ ಅಂತ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ. ಅಲ್ಲೀವರೆಗೆ ಲಕ್ಷಾಂತರ ಮಕ್ಕಳು ಓದೋದಾ, ಬಿಡೋದಾ ಗೊತ್ತಿಲ್ಲದೇ ಕೂತಿದ್ರು. ನಮ್ಮ ಅಂಗಡಿಗೆ ಕೆಲಸ ಇಲ್ಲದಿದ್ರೂ ಬಂದು ಕೂರ್ತಿದ್ರು, ಮನೇಲಿದ್ರೆ ಬಂದವರೆಲ್ಲ "ಸೀಟು ಆಯ್ತಾ?" ಅಂತಾರೆ ಅಂತ. ಆ ಪ್ರಶ್ನೆಗೆ ಒಂದು ಉತ್ತರ ಸಿದ್ಧ ಇಟ್ಕೊಳ್ಳಿ: "ಇನ್ನೂ ಎರಡು ಸುತ್ತು ಇದೆ ಆಂಟಿ, ಆದಾಗ ಹೇಳ್ತೀನಿ." ಅಷ್ಟು ಸಾಕು. ದಿನಕ್ಕೆ ಎರಡು ಸಲ ಮಾತ್ರ ವೆಬ್‌ಸೈಟ್ ನೋಡಿ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ರಾತ್ರಿ ಹನ್ನೆರಡಕ್ಕೆ ರಿಫ್ರೆಶ್ ಮಾಡಿದ್ರೆ ನಿದ್ದೆ ಹೋಗುತ್ತೆ ಅಷ್ಟೇ.

ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ದಯವಿಟ್ಟು ಒಳಗೇ ಇಟ್ಕೋಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ-ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅಪ್ಪ-ಅಮ್ಮಂದಿರೇ, ನಿಮಗೊಂದು ಮಾತು. ಮಗು ರೂಮಿನ ಬಾಗಿಲು ಹಾಕ್ಕೊಂಡಿದ್ರೆ ಸೀಟಿನ ವಿಷಯ ಕೇಳ್ಬೇಡಿ. "ಟೀ ಕುಡಿಯೋಣ ಬಾ" ಅನ್ನಿ. ಸೀಟು ನವೆಂಬರ್‌ವರೆಗೂ ಕಾಯುತ್ತೆ, ಮಗು ಕಾಯಲ್ಲ.

ಇವತ್ತು ರಾತ್ರಿ ಊಟ ಆದ್ಮೇಲೆ ಒಂದು ಹಾಳೆ ತಗೊಂಡು ಮನೆಯವರೆಲ್ಲ ಕೂತು ಮೂರು ಸಾಲು ಬರೀರಿ. ವರ್ಷಕ್ಕೆ ಎಷ್ಟು ಫೀ ಕಟ್ಟಬಹುದು. ಎಲ್ಲೀವರೆಗೆ ಹೋಗೋಕೆ ತಯಾರಿದ್ದೀವಿ. ಕೊನೆ ಸುತ್ತಿಗೂ ಬರ್ಲಿಲ್ಲ ಅಂದ್ರೆ ಏನು ಮಾಡ್ತೀವಿ. ಅದನ್ನ ಫೈಲಿನ ಮೇಲೆ ಅಂಟಿಸಿ. ಮುಂದಿನ ಸುತ್ತಿನ ಫಲಿತಾಂಶ ಬಂದಾಗ ಮೊದಲು ಆ ಹಾಳೆ ನೋಡಿ, ಆಮೇಲೆ ಚಾಯ್ಸ್ ಒತ್ತಿ.

ಪ್ರಶ್ನೆ ಇದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸ್ತೀನಿ.